ಸಾಕು ಎನ್ನುವ ಲೆಕ್ಕ

1952ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ವಿದ್ವತ್ ಗೋಷ್ಠಿ ನಡೆಯಿತು. ಮುಂದೇನಾಗುತ್ತದೆಂದು ಗೊತ್ತಿಲ್ಲದಾಗ ವಿವೇಕಿಯಾದವನು ಹೇಗೆ ಆಯ್ಕೆ ಮಾಡಬೇಕು ಎಂಬುದು ಅಲ್ಲಿನ ಚರ್ಚೆಯ ವಿಷಯ. ಆ ಪ್ರಶ್ನೆಗೆ ಗಣಿತದ ಗಟ್ಟಿ ಉತ್ತರ ಕಟ್ಟುತ್ತಿದ್ದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಲಿಯೊನಾರ್ಡ್ ಸ್ಯಾವೇಜ್. ಫ್ರೆಂಚ್ ಅರ್ಥಶಾಸ್ತ್ರಜ್ಞ ಮೋರಿಸ್ ಅಲೆ ಅವರು ಸ್ಯಾವೇಜ್ ಅವರನ್ನು ಊಟದ ಹೊತ್ತಿನಲ್ಲಿ ಹಿಡಿದು ಎರಡು ಪ್ರಶ್ನೆ ಕೇಳಿದರೆಂದು ಆಯ್ಕೆಯ ಶಾಸ್ತ್ರದವರು ಇವತ್ತಿಗೂ ಕಥೆ ಹೇಳುತ್ತಾರೆ.

ಮೊದಲ ಪ್ರಶ್ನೆ ಹೀಗಿತ್ತು. ಹತ್ತು ಕೋಟಿ ಫ್ರಾಂಕ್ ಖಂಡಿತವಾಗಿ ಕೈಗೆ ಬರುತ್ತದೆ, ತೆಗೆದುಕೊಳ್ಳುತ್ತೀರಾ? ಅಥವಾ ನೂರಕ್ಕೆ 10 ಪಾಲು ಐವತ್ತು ಕೋಟಿ, 89 ಪಾಲು ಹತ್ತು ಕೋಟಿ, 1 ಪಾಲು ಸೊನ್ನೆ ಬರುವ ಲಾಟರಿ ಆಡುತ್ತೀರಾ? ಎರಡನೆಯದರಲ್ಲಿ ಎರಡೂ ಲಾಟರಿಗಳೇ. ಒಂದರಲ್ಲಿ ನೂರಕ್ಕೆ 11 ಪಾಲು ಹತ್ತು ಕೋಟಿ ಬರಬಹುದು, ಇನ್ನೊಂದರಲ್ಲಿ ನೂರಕ್ಕೆ 10 ಪಾಲು ಐವತ್ತು ಕೋಟಿ. ಇಲ್ಲದಿದ್ದರೆ ಎರಡರಲ್ಲೂ ಕೈ ಖಾಲಿ.

ಬಹಳ ಜನ ಮೊದಲನೆಯದರಲ್ಲಿ ಖಂಡಿತದ ಹತ್ತು ಕೋಟಿಗೂ ಎರಡನೆಯದರಲ್ಲಿ ಐವತ್ತು ಕೋಟಿಗೂ ಕೈಚಾಚುತ್ತಾರೆ. ಸ್ಯಾವೇಜ್ ಕೂಡ ಹಾಗೇ ಮಾಡಿದರು. ಅವರದೇ ಸೂತ್ರದ ಪ್ರಕಾರ ಅದು ತಪ್ಪು. ಮೊದಲ ಪ್ರಶ್ನೆಯ ಎರಡೂ ಕಡೆಯಿಂದ 89 ಪಾಲು ಹತ್ತು ಕೋಟಿಯನ್ನು ಸಮನಾಗಿ ಕಿತ್ತುಹಾಕಿದರೆ ಉಳಿಯುವುದೇ ಎರಡನೆಯ ಪ್ರಶ್ನೆ. ಎರಡೂ ಕಡೆ ಒಂದೇ ಇರುವುದನ್ನು ತೆಗೆದರೆ ಆಯ್ಕೆ ಬದಲಾಗಕೂಡದು.

ಮುಂದೆ ಸ್ಯಾವೇಜ್ ಮಾಡಿದ್ದು ನನಗೆ ಇನ್ನೂ ಇಷ್ಟ. ಎರಡು ವರ್ಷದ ನಂತರ ಬಂದ ತಮ್ಮ ಪುಸ್ತಕದಲ್ಲಿ ಈ ಸೋಲನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಒಂದರಿಂದ ನೂರರವರೆಗೆ ನಂಬರು ಹಾಕಿದ ಲಾಟರಿ ಚೀಟಿಗಳ ಪಟ್ಟಿ ಮಾಡಿ, 12ರಿಂದ 100ರವರೆಗಿನ ಚೀಟಿಗಳಲ್ಲಿ ಎರಡೂ ಕಡೆ ಒಂದೇ ಫಲವಿರುವುದನ್ನು ಕಂಡು, ಅವನ್ನು ಮರೆತು, ಉಳಿದ ಹನ್ನೊಂದನ್ನಷ್ಟೇ ನೋಡಿ ತಮ್ಮ ಆಯ್ಕೆಯನ್ನು ತಿದ್ದಿಕೊಂಡದ್ದಾಗಿ ಹೇಳಿದರು. ಸೂತ್ರ ಗೆದ್ದಿತು, ಸರಿ. ಆದರೆ ತನಗೆ ನಿಜವಾಗಿ ಏನು ಬೇಕು ಎಂದು ತಿಳಿಯಲು ಆ ಸೂತ್ರ ಬರೆದವರಿಗೇ ಪೆನ್ಸಿಲು, ಕಾಗದ, ಪಟ್ಟಿ, ಸಾಕಷ್ಟು ಸಮಯ ಬೇಕಾಯಿತು. ತರಕಾರಿ ಮಾರುಕಟ್ಟೆಯಲ್ಲಿ ನಿಂತವರಿಗೆ ಅವು ಸಿಗುವುದಿಲ್ಲ. ಲೆಕ್ಕ ಹಾಕುವುದಕ್ಕೂ ಖರ್ಚು ತಗಲುತ್ತದೆ. ಒಬ್ಬೊಬ್ಬ ವ್ಯಕ್ತಿ ಹೇಗೆ ನಿರ್ಧರಿಸುತ್ತಾನೆ ಎಂಬುದರ ಮೇಲೆ ಎಪ್ಪತ್ತು ವರ್ಷದಿಂದ ನಡೆದಿರುವ ಸಂಶೋಧನೆಯೆಲ್ಲ ಈ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬ ಜಗಳವೆಂದೇ ನನಗೆ ತೋರುತ್ತದೆ.

ಆ ಜಗಳದ ಬೀಜ ಬಿದ್ದದ್ದು ಮಕ್ಕಳ ಆಟದ ಮೈದಾನದಲ್ಲಿ. 1935ರಲ್ಲಿ ಹರ್ಬರ್ಟ್ ಸೈಮನ್ ಎಂಬ ಹತ್ತೊಂಬತ್ತರ ಹುಡುಗ, ಷಿಕಾಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ, ತನ್ನ ಹುಟ್ಟೂರು ಮಿಲ್ವಾಕಿಯ ಮೈದಾನಗಳ ಆಡಳಿತ ಹೇಗೆ ನಡೆಯುತ್ತದೆಂದು ನೋಡಲು ಹೋದ. ಮೈದಾನಗಳನ್ನು ಎರಡು ಸಂಸ್ಥೆಗಳು ಸೇರಿ ನೋಡಿಕೊಳ್ಳುತ್ತಿದ್ದವು. ಮಕ್ಕಳನ್ನು ಆಡಿಸುವ ಮೇಲ್ವಿಚಾರಕರು ಶಾಲಾ ಮಂಡಳಿಯವರು. ಬೇಲಿ, ಹುಲ್ಲು, ದುರಸ್ತಿ ನಗರದ ಕಾಮಗಾರಿ ಇಲಾಖೆಯದು. ಇರುವ ಹಣವನ್ನು ಇಬ್ಬರ ನಡುವೆ ಹಂಚಬೇಕು. ತರಗತಿಯಲ್ಲಿ ಕಲಿತ ಉತ್ತರ ಸೈಮನ್‌ಗೆ ಬಾಯಿಪಾಠವಾಗಿತ್ತು: ಕೊನೆಯ ಒಂದು ಡಾಲರು ಎರಡೂ ಕಡೆ ಒಂದೇ ಪ್ರಯೋಜನ ಕೊಡುವ ಮಟ್ಟಕ್ಕೆ ಹಂಚಬೇಕು. ಆದರೆ ಅಲ್ಲಿ ಯಾರೂ ಆ ಲೆಕ್ಕ ಹಾಕುತ್ತಿರಲಿಲ್ಲ, ಹಾಕಲು ಬೇಕಾದ ಅಂಕಿಅಂಶವೂ ಯಾರ ಬಳಿಯೂ ಇರಲಿಲ್ಲ. ಇಬ್ಬರೂ ತಂತಮ್ಮ ಇಲಾಖೆಯ ಕೆಲಸವೇ ಮುಖ್ಯವೆಂದು ವಾದಿಸುತ್ತಿದ್ದರು. ಅವರು ದಡ್ಡರಲ್ಲ, ಮೋಸಗಾರರೂ ಅಲ್ಲ. ಹಾಗಾದರೆ ನಿರ್ಧಾರ ಆಗುತ್ತಿದ್ದದ್ದು ಹೇಗೆ? ಈ ಒಂದು ಪ್ರಶ್ನೆಯನ್ನು ಸೈಮನ್ 2001ರಲ್ಲಿ ಸಾಯುವ ತನಕ ಬಿಡಲಿಲ್ಲ. ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ., ಕಂಪ್ಯೂಟರಿಗೆ ಪ್ರಮೇಯ ಸಾಧಿಸಲು ಕಲಿಸಿದ್ದಕ್ಕೆ 1975ರಲ್ಲಿ ಟ್ಯೂರಿಂಗ್ ಪ್ರಶಸ್ತಿ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್, ಇವೆಲ್ಲ ಅದೇ ಪ್ರಶ್ನೆಯನ್ನು ಬೇರೆ ಬೇರೆ ಬಾಗಿಲಿನಿಂದ ಒಳಹೊಕ್ಕು ನೋಡಿದ್ದರ ಫಲ.

1955ರ ಪ್ರಬಂಧದಲ್ಲಿ ಸೈಮನ್ ಮನೆ ಮಾರುವವನೊಬ್ಬನ ಉದಾಹರಣೆ ಕೊಟ್ಟರು. ಪಠ್ಯಪುಸ್ತಕದ ಮನುಷ್ಯ ಬರಬಹುದಾದ ಎಲ್ಲ ಬೆಲೆಗಳನ್ನೂ ಅವುಗಳ ಸಂಭವವನ್ನೂ ತೂಗಿ ಅತ್ಯುತ್ತಮವಾದುದನ್ನು ಆರಿಸುತ್ತಾನೆ. ನಿಜವಾಗಿ ಮನೆ ಮಾರುವವನು ಮನಸ್ಸಿನಲ್ಲಿ ಒಂದು ಬೆಲೆ ಇಟ್ಟುಕೊಂಡಿರುತ್ತಾನೆ. ಅದನ್ನು ಮುಟ್ಟುವ ಗಿರಾಕಿ ಬಂದರೆ ಮಾರುತ್ತಾನೆ, ಬಹಳ ದಿನ ಬಾರದಿದ್ದರೆ ಬೆಲೆಯನ್ನು ಇಳಿಸಿಕೊಳ್ಳುತ್ತಾನೆ. ಮುಂದಿನ ವರ್ಷ ಈ ನಡವಳಿಕೆಗೆ ಹೆಸರಿಡಲು ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲದೆ ಎರಡು ಕ್ರಿಯಾಪದಗಳನ್ನು ಬೆಸೆದಂತಿರುವ ‘ಸ್ಯಾಟಿಸ್‌ಫೈಸ್’ ಎಂಬ ಮಾತನ್ನು ಅವರು ಚಾಲ್ತಿಗೆ ತಂದರು. ಕನ್ನಡಿಗನಾಗಿದ್ದರೆ ಇಷ್ಟು ಕಷ್ಟಪಡಬೇಕಿರಲಿಲ್ಲ. ಮದುವೆ ಸೀರೆಯ ಅಂಗಡಿಯಲ್ಲಿ ಕೂತು ನೋಡಿ: ಜಮಖಾನದ ಮೇಲೆ ರಾಶಿ ಬಿದ್ದ ಸೀರೆಗಳ ನಡುವೆ ಇಡೀ ವ್ಯಾಪಾರ ಬೇಕು, ಬೇಡ, ಸಾಲದು, ಸಾಕು ಎಂಬ ನಾಲ್ಕು ಪುಟ್ಟ ಮಾತುಗಳಲ್ಲಿ ಮುಗಿಯುತ್ತದೆ. ಅಂಗಡಿಯಲ್ಲಿರುವ ಎಲ್ಲ ಸೀರೆಯನ್ನೂ ನೋಡಿ ಎದ್ದವರಿಲ್ಲ. ‘ಇದು ಸಾಕು’ ಎಂದವರು ಅತ್ಯುತ್ತಮವಾದದ್ದು ಸಿಕ್ಕಿತೆಂದು ಹೇಳುತ್ತಿಲ್ಲ, ಇನ್ನು ಹುಡುಕುವುದಿಲ್ಲ ಎಂದಷ್ಟೇ ಹೇಳುತ್ತಿದ್ದಾರೆ.

1957ರಲ್ಲಿ ಈ ಒಟ್ಟು ವಿಚಾರಕ್ಕೆ ಸೈಮನ್ ‘ಬೌಂಡೆಡ್ ರ್‍ಯಾಷನಾಲಿಟಿ’ ಎಂಬ ಹೆಸರಿಟ್ಟರು. ನಾವು ಪರಿಮಿತ ವಿವೇಚನೆ ಅನ್ನೋಣ. ಈ ಹೆಸರು ಬಹಳ ಜನರನ್ನು ದಾರಿ ತಪ್ಪಿಸಿದೆ. ಇದು ಅವಿವೇಕದ ಸಿದ್ಧಾಂತವಲ್ಲ. ಚದುರಂಗದಲ್ಲಿ ಆಗಬಹುದಾದ ಆಟಗಳ ಸಂಖ್ಯೆ ಒಂದರ ಮುಂದೆ 120 ಸೊನ್ನೆ ಇಟ್ಟಷ್ಟು ಎಂದು ಕ್ಲಾಡ್ ಷಾನನ್ 1950ರಲ್ಲಿ ಅಂದಾಜು ಮಾಡಿದ್ದರು. ಅಷ್ಟನ್ನೂ ನೋಡಿ ನಡೆ ಇಡುವವರು ಭೂಮಿಯ ಮೇಲಿಲ್ಲ. ಆದರೂ ಚೆನ್ನಾಗಿ ಆಡುವವರಿದ್ದಾರೆ. ಹುಡುಕಾಟವನ್ನು ಎಲ್ಲಿ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ಅವರ ಜಾಣತನ. ಕತ್ತರಿಗೆ ಎರಡು ಅಲಗು ಬೇಕು, ಒಂದು ಮನಸ್ಸಿನ ಶಕ್ತಿ, ಇನ್ನೊಂದು ಅದರ ಎದುರಿಗಿರುವ ಪರಿಸರದ ರಚನೆ ಎಂದು ಸೈಮನ್ ಮುಂದೆ ವಿವರಿಸಿದರು. ಒಂದೇ ಅಲಗನ್ನು ಹಿಡಿದು ನೋಡಿದರೆ ಕತ್ತರಿ ಹೇಗೆ ಕತ್ತರಿಸುತ್ತದೆಂದು ಅರ್ಥವಾಗುವುದಿಲ್ಲ.

ಮುಂದಿನ ಪೀಳಿಗೆ ಹೆಚ್ಚಾಗಿ ಒಂದೇ ಅಲಗನ್ನು ಹಿಡಿದುಕೊಂಡಿತು ಎಂಬುದು ನನ್ನ ದೂರು, ಆ ಅಲಗು ಎಷ್ಟು ಹರಿತವಾಗಿದ್ದರೂ ಸಹ. 1969ರ ಸುಮಾರಿಗೆ ಜೆರುಸಲೆಮ್ಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಜೊತೆಯಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಅವರ ಕಥೆ ಈಗ ಎಲ್ಲರಿಗೂ ಗೊತ್ತು, ಬೇಗ ದಾಟಿಬಿಡುತ್ತೇನೆ. ಮನಸ್ಸು ಸಂಭವನೀಯತೆಯನ್ನು ಅಳೆಯಲು ಹೋಗದೆ ಕಣ್ಣಂದಾಜಿನಲ್ಲಿ ಕೆಲಸ ಸಾಗಿಸುತ್ತದೆ, ಆ ಅಂದಾಜು ತಪ್ಪುವುದಕ್ಕೂ ಒಂದು ಕ್ರಮವಿದೆ ಎಂದು ಅವರು 1974ರಲ್ಲಿ ತೋರಿಸಿದರು. 1979ರಲ್ಲಿ ಬಂದ ಅವರ ‘ಪ್ರಾಸ್ಪೆಕ್ಟ್ ಸಿದ್ಧಾಂತ’ದ ಪ್ರಕಾರ ನಾವು ಒಟ್ಟು ಆಸ್ತಿಯನ್ನು ತೂಗುವುದಿಲ್ಲ, ಈಗಿರುವ ನೆಲೆಯಿಂದ ಎಷ್ಟು ಬಂತು, ಎಷ್ಟು ಹೋಯಿತು ಎಂದು ತೂಗುತ್ತೇವೆ, ಹೋದದ್ದರ ನೋವು ಬಂದದ್ದರ ಖುಷಿಗಿಂತ ಹೆಚ್ಚು. 1981ರ ಅವರ ಪ್ರಯೋಗದಲ್ಲಿ 600 ಜನರ ಜೀವಕ್ಕೆ ಎರವಾಗುವ ಕಾಯಿಲೆಯೊಂದನ್ನು ಕಲ್ಪಿಸಿ, ಖಂಡಿತವಾಗಿ 200 ಜನ ಉಳಿಯುತ್ತಾರೆ ಎಂದಾಗ ನೂರಕ್ಕೆ 72 ಜನ ಆ ದಾರಿ ಹಿಡಿದರು. ಅದನ್ನೇ ಖಂಡಿತವಾಗಿ 400 ಜನ ಸಾಯುತ್ತಾರೆ ಎಂದು ತಿರುಗಿಸಿ ಹೇಳಿದಾಗ ಒಪ್ಪಿದವರು 22 ಮಾತ್ರ. ಟ್ವರ್ಸ್ಕಿ 1996ರಲ್ಲಿ ತೀರಿಕೊಂಡರು. 2002ರ ನೊಬೆಲ್ ಕಾನೆಮನ್‌ಗೆ ಬಂತು.

ಈ ಸಿದ್ಧಾಂತದ ಒಂದು ಎಳೆ ಬೆಂಗಳೂರಿನ ಟ್ರಾಫಿಕ್ಕಿಗೂ ಬಂದು ಸೇರಿತು. ಅಪರೂಪದ ದೊಡ್ಡ ಲಾಭದ ಚಿಕ್ಕ ಸಂಭವವನ್ನು ಮನಸ್ಸು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಲಾಟರಿ ಅಂಗಡಿಗಳು ನಡೆಯುವುದೇ ಅದರಿಂದ. ಸ್ಟ್ಯಾನ್‌ಫರ್ಡಿನ ಬಾಲಾಜಿ ಪ್ರಭಾಕರ್ ಮತ್ತು ಜೊತೆಗಾರರು 2008-09ರಲ್ಲಿ ಇನ್ಫೋಸಿಸ್ಸಿನ ಬೆಂಗಳೂರು ಕ್ಯಾಂಪಸ್ಸಿಗೆ ಬರುವ ಸುಮಾರು 14,000 ನೌಕರರ ನಡುವೆ ಇದನ್ನು ಪರೀಕ್ಷಿಸಿದರು. ಬೆಳಿಗ್ಗೆ ದಟ್ಟಣೆಗೆ ಮುಂಚೆ ಬಂದವರಿಗೆ ಅಂಕ, ಅಂಕ ಕೂಡಿಸಿದವರಿಗೆ ವಾರಕ್ಕೊಂದು ಬಹುಮಾನದ ಡ್ರಾ. ಅಷ್ಟೇ ಹಣವನ್ನು ಎಲ್ಲರಿಗೂ ಸಮನಾಗಿ ಹಂಚಿದ್ದರೆ ತಲೆಗೆ ಒಂದು ಕಾಫಿ ದುಡ್ಡು ಬರುತ್ತಿತ್ತೋ ಏನೋ, ಅದಕ್ಕಾಗಿ ಯಾರೂ ಬೆಳಗಿನ ನಿದ್ದೆ ಬಿಡುತ್ತಿರಲಿಲ್ಲ. ಡ್ರಾ ಇದ್ದಾಗ ಬೇಗ ಬರುವವರು ಸುಮಾರು ದುಪ್ಪಟ್ಟಾದರು.

ತಪ್ಪುಗಳ ಪಟ್ಟಿ ಬೆಳೆಯುತ್ತಾ ಹೋಯಿತು. ಅದಕ್ಕೆ ಅಡ್ಡ ನಿಂತವರು ಜರ್ಮನ್ ಮನಶ್ಶಾಸ್ತ್ರಜ್ಞ ಗರ್ಡ್ ಗಿಗರೆಂಜರ್. ನೀವು ತಪ್ಪು ಎನ್ನುತ್ತಿರುವುದು ಯಾವ ಅಳತೆಗೋಲಿನಿಂದ ಎಂಬುದು ಅವರ ಪ್ರಶ್ನೆ. ಸ್ಯಾನ್ ಡಿಯಾಗೊ ಮತ್ತು ಸ್ಯಾನ್ ಆಂಟೋನಿಯೊ, ಈ ಎರಡು ಊರುಗಳಲ್ಲಿ ಯಾವುದು ಹೆಚ್ಚು ಜನರಿರುವ ಊರು ಎಂದು ಕೇಳಿದಾಗ ಅಮೆರಿಕದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 62 ಜನ ಆಗಿನ ಜನಸಂಖ್ಯೆಯ ಲೆಕ್ಕಕ್ಕೆ ಸರಿಯಾಗಿ ಸ್ಯಾನ್ ಡಿಯಾಗೊ ಎಂದರು. ಜರ್ಮನ್ ವಿದ್ಯಾರ್ಥಿಗಳಲ್ಲಿ ಎಲ್ಲರೂ ಸರಿ ಹೇಳಿದರು. ಕಾರಣ, ಬಹಳ ಜನರು ಎರಡನೆಯ ಊರಿನ ಹೆಸರನ್ನೇ ಕೇಳಿರಲಿಲ್ಲ. ಕೇಳಿದ ಹೆಸರು ದೊಡ್ಡ ಊರಿನದೇ ಇರಬೇಕು ಎಂಬ ಒರಟು ಅಂದಾಜು ಅರಿವಿಗಿಂತ ಚೆನ್ನಾಗಿ ಕೆಲಸ ಮಾಡಿತು. ಇದನ್ನು ಅತಿಗೆ ಒಯ್ದು ಅಜ್ಞಾನವೇ ಒಳ್ಳೆಯದು ಎನ್ನುವವರೂ ಇದ್ದಾರೆ, ಅವರನ್ನು ಬಿಡೋಣ.

ಹಣದ ವಿಷಯದಲ್ಲಿ ಇದೇ ವಾದಕ್ಕೆ ಇನ್ನೂ ಬಲವಾದ ಸಾಕ್ಷಿ ಇದೆ. ಯಾವ ಷೇರಿನಲ್ಲಿ ಎಷ್ಟು ಹಾಕಬೇಕೆಂಬುದಕ್ಕೆ ಗಣಿತ ಕಟ್ಟಿ ನೊಬೆಲ್ ಪಡೆದ ಹ್ಯಾರಿ ಮಾರ್ಕೊವಿಟ್ಸ್ ತಮ್ಮ ನಿವೃತ್ತಿಯ ಹಣವನ್ನು ಷೇರಿಗೆ ಅರ್ಧ, ಬಾಂಡಿಗೆ ಅರ್ಧ ಹಾಕಿಬಿಟ್ಟಿದ್ದರು. ಆಮೇಲೆ ಯಾವುದು ಏರಿದರೂ ಯಾವುದು ಇಳಿದರೂ ಹಳಹಳಿಸಬಾರದೆಂಬುದು ಅವರ ಕಾರಣ. 2009ರಲ್ಲಿ ಡಿಮಿಗೆಲ್, ಗಾರ್ಲಾಪ್ಪಿ, ಉಪ್ಪಲ್ ಎಂಬ ಮೂವರು ಈ ಸಮಪಾಲಿನ ಸೂತ್ರವನ್ನು 14 ಜಟಿಲ ಮಾದರಿಗಳ ಜೊತೆ ಓಟಕ್ಕೆ ಬಿಟ್ಟರು. ಯಾವುದೂ ಅದನ್ನು ನೆಚ್ಚಿಕೊಳ್ಳುವಷ್ಟು ಸಲ ಸೋಲಿಸಲಿಲ್ಲ. ಇಪ್ಪತ್ತೈದು ಹೂಡಿಕೆಗಳಿದ್ದರೆ ಮಾರ್ಕೊವಿಟ್ಸ್ ಗಣಿತ ಗೆಲ್ಲಲು ಸುಮಾರು 3,000 ತಿಂಗಳ, ಅಂದರೆ 250 ವರ್ಷದ ಅಂಕಿಅಂಶ ಬೇಕು ಎಂದು ಅವರ ಲೆಕ್ಕ ಹೇಳಿತು. ಕತ್ತರಿಯ ಎರಡನೆಯ ಅಲಗು ಎಂದರೆ ಇದೇ. ಪರಿಸರ ಮಸುಕಾಗಿದ್ದಾಗ ಹೆಚ್ಚು ಲೆಕ್ಕ ಹಾಕುವವನು ಮಸುಕನ್ನೇ ಕೂಡಿಸುತ್ತಿರುತ್ತಾನೆ.

ಪ್ರಯೋಗ ಮಾಡುವವರು ಹೀಗೆ ಕಾದಾಡುತ್ತಿದ್ದಾಗ ಗಣಿತದ ಕಡೆಯ ಅರ್ಥಶಾಸ್ತ್ರಜ್ಞರು ಇನ್ನೊಂದು ಒಗಟನ್ನು ಬಿಡಿಸುತ್ತಿದ್ದರು. ಓದುಗರಿಗೆ ಅಷ್ಟಾಗಿ ಗೊತ್ತಿಲ್ಲದ ಈ ಮೂಲೆ ನನಗೆ ಬಹಳ ರುಚಿಸುವಂಥದು. ಹೋಟೆಲಿನಲ್ಲಿ ಗಿರಾಕಿ ಇಡ್ಲಿ ತಿಂದ, ಪಡ್ಡು ತಿನ್ನಲಿಲ್ಲ. ಅವನಿಗೆ ಪಡ್ಡಿಗಿಂತ ಇಡ್ಲಿ ಇಷ್ಟ ಎನ್ನಬಹುದೇ? ಹಳೆಯ ಶಾಸ್ತ್ರ ಧಾರಾಳವಾಗಿ ಎನ್ನಬಹುದು ಎನ್ನುತ್ತಿತ್ತು: ಆಯ್ಕೆಯೇ ಇಷ್ಟದ ಕನ್ನಡಿ. ಆದರೆ ಅವನು ಬೋರ್ಡಿನ ಕೊನೆಯ ಸಾಲನ್ನು ಓದಿಯೇ ಇರದಿದ್ದರೆ? 2012ರಲ್ಲಿ ಮಸಾಟ್ಲಿಯೊಲು, ನಕಾಜಿಮಾ, ಓಸ್ಬೈ ಎಂಬ ಮೂವರು ಇದಕ್ಕೊಂದು ಚಂದದ ದಾರಿ ಹುಡುಕಿದರು. ಗಮನಕ್ಕೇ ಬಾರದ ತಿಂಡಿಯನ್ನು ಬೋರ್ಡಿನಿಂದ ಅಳಿಸಿದರೆ ಗಿರಾಕಿಯ ಆರ್ಡರು ಬದಲಾಗುವುದಿಲ್ಲ. ಬದಲಾಯಿತೆಂದರೆ ಅವನು ಅದನ್ನು ನೋಡಿದ್ದ, ನೋಡಿಯೂ ಬಿಟ್ಟಿದ್ದ ಎಂದಾಯಿತು. ಆಗ ಮಾತ್ರ, ಮೊದಲು ತಿಂದದ್ದು ಅದಕ್ಕಿಂತ ಇಷ್ಟವಾದದ್ದು ಎನ್ನಬಹುದು. ಅಂದರೆ ವಿಚಿತ್ರವಾಗಿ ಕಾಣುವ, ಹಳೆಯ ಶಾಸ್ತ್ರ ಅವಿವೇಕವೆಂದು ಬದಿಗೆ ಸರಿಸುತ್ತಿದ್ದ ನಡವಳಿಕೆಯೇ ಮನಸ್ಸಿನ ಒಳಗನ್ನು ತೋರಿಸುವ ಕಿಟಕಿಯಾಯಿತು.

ಅದಕ್ಕೂ ಒಂದು ವರ್ಷ ಮುಂಚೆ ಆಂಡ್ರ್ಯೂ ಕ್ಯಾಪ್ಲಿನ್, ಮಾರ್ಕ್ ಡೀನ್, ಡೇನಿಯಲ್ ಮಾರ್ಟಿನ್ ಅವರು ಸೈಮನ್ ಹೇಳಿದ ‘ಸಾಕು’ ನಿಜವೋ ಎಂದು ಪ್ರಯೋಗಾಲಯದಲ್ಲಿ ನೋಡಿದರು. ಪರದೆಯ ಮೇಲೆ ಹತ್ತು, ಇಪ್ಪತ್ತು, ನಲವತ್ತು ಆಯ್ಕೆಗಳು. ಪ್ರತಿಯೊಂದೂ ಮೂರು ಕೂಡು ಏಳು ಕಳೆ ನಾಲ್ಕು ಎಂಬಂತೆ ಅಕ್ಷರಗಳಲ್ಲಿ ಬರೆದ ಕೂಡು-ಕಳೆ ಲೆಕ್ಕ, ಉತ್ತರ ಬಂದಷ್ಟು ಡಾಲರು ಬಹುಮಾನ. ಯಾವುದು ದೊಡ್ಡದೆಂದು ತಿಳಿಯಬೇಕಾದರೆ ಕೂಡಲೇಬೇಕು. ಕೊನೆಯ ಆಯ್ಕೆಯನ್ನಷ್ಟೇ ಅಲ್ಲ, ನಡುನಡುವೆ ಬದಲಾಗುವ ಆಯ್ಕೆಗಳನ್ನೂ ಅವರು ದಾಖಲಿಸಿದರು. ಜನ ಒಂದೊಂದಾಗಿ ಲೆಕ್ಕ ಮಾಡುತ್ತಾ, ಇನ್ನೂ ಒಳ್ಳೆಯದು ಸಿಕ್ಕರೆ ಅದಕ್ಕೆ ಸರಿಯುತ್ತಾ, ಒಂದು ಮಟ್ಟ ಮುಟ್ಟಿದ ಕೂಡಲೇ ನಿಂತುಬಿಡುತ್ತಿದ್ದರು. ಮಿಲ್ವಾಕಿಯಲ್ಲಿ ಕಂಡದ್ದಕ್ಕೆ ಪುರಾವೆ ಸಿಗಲು ಮುಕ್ಕಾಲು ಶತಮಾನ ಹಿಡಿಯಿತು.

ಇದನ್ನು ನೋಡಲು ಸೈಮನ್ ಇರಲಿಲ್ಲ. ಇದ್ದಿದ್ದರೆ ಮೆಚ್ಚುತ್ತಿದ್ದರು ಎಂದೇ ಊಹೆ, ಏಕೆಂದರೆ ಜನರನ್ನು ನೋಡದೆ ಮಾದರಿ ಕಟ್ಟುವ ಗಣಿತದವರ ಮೇಲೆ ಅವರಿಗೆ ಇದ್ದ ಸಿಟ್ಟು ದಾಖಲಾಗಿದೆ. ಇಸ್ರೇಲಿನ ಏರಿಯಲ್ ರೂಬಿನ್‌ಸ್ಟೈನ್ 1998ರಲ್ಲಿ ಪರಿಮಿತ ವಿವೇಚನೆಯ ಮಾದರಿಗಳ ಬಗ್ಗೆ ಒಂದು ಪುಸ್ತಕ ಬರೆದರು, ಹಸ್ತಪ್ರತಿಯನ್ನು ಸೈಮನ್‌ಗೆ ಕಳಿಸಿದರು. ನಿಜವಾದ ಜನ ಏನು ಮಾಡುತ್ತಾರೆಂದು ನೋಡದೆ ಕುರ್ಚಿಯಲ್ಲಿ ಕೂತು ಮಾದರಿ ಕಟ್ಟಿ ಏನು ಪ್ರಯೋಜನ ಎಂಬ ಧಾಟಿಯಲ್ಲಿ ಟೀಕೆ ಬಂತು. ರೂಬಿನ್‌ಸ್ಟೈನ್ ಆ ಟೀಕೆಯನ್ನೂ ತಮ್ಮ ಉತ್ತರವನ್ನೂ ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕಿಸಿದರು. ತನ್ನನ್ನು ಬೈದ ಕಾಗದವನ್ನು ತನ್ನ ಪುಸ್ತಕದಲ್ಲೇ ಸೇರಿಸುವ ಧೈರ್ಯ ನಮ್ಮ ವಿಮರ್ಶೆಯ ಲೋಕದಲ್ಲಿ ಎಷ್ಟು ಜನಕ್ಕಿದೆಯೋ ನೋಡಬೇಕು.

ಗಮನವೇ ದುಬಾರಿ ಎಂಬ ಮಾತು ಅಂಗಡಿಯಲ್ಲೂ ಸಾಬೀತಾಗಿದೆ. ಅಮೆರಿಕದ ಅಂಗಡಿಗಳಲ್ಲಿ ಬೆಲೆಚೀಟಿಯ ಮೇಲೆ ತೆರಿಗೆ ಸೇರಿರುವುದಿಲ್ಲ, ಬಿಲ್ಲು ಮಾಡುವಾಗ ಸೇರುತ್ತದೆ. ರಾಜ್ ಚೆಟ್ಟಿ, ಆಡಮ್ ಲೂನಿ, ಕೋರಿ ಕ್ರಾಫ್ಟ್ ಅವರು ಒಂದು ಅಂಗಡಿಯ ಕೆಲವು ಸಾಮಾನುಗಳಿಗೆ ತೆರಿಗೆ ಸೇರಿಸಿದ ಬೆಲೆಯ ಚೀಟಿಯನ್ನೂ ಅಂಟಿಸಿದರು. ಕೊಡುವ ಹಣ ಒಂದು ಪೈಸೆಯೂ ಬದಲಾಗಲಿಲ್ಲ. ಮಾರಾಟ ಮಾತ್ರ ನೂರಕ್ಕೆ 8ರಷ್ಟು ಇಳಿಯಿತು. ಗಿರಾಕಿಗಳಿಗೆ ತೆರಿಗೆಯ ದರ ಗೊತ್ತಿಲ್ಲದೆ ಇರಲಿಲ್ಲ, ಕೇಳಿದಾಗ ಸರಿಯಾಗಿ ಹೇಳುತ್ತಿದ್ದರು. ಕಪಾಟಿನ ಮುಂದೆ ನಿಂತಾಗ ಮನಸ್ಸು ಆ ಕೂಡಿಕೆ ಮಾಡುತ್ತಿರಲಿಲ್ಲ, ಅಷ್ಟೆ. ಎಲ್ಲ ತೆರಿಗೆ ಸೇರಿ ಇಷ್ಟು ಎಂದು ಪೊಟ್ಟಣದ ಮೇಲೇ ಎಂ.ಆರ್.ಪಿ. ಅಚ್ಚು ಹಾಕುವ ನಮ್ಮ ಪದ್ಧತಿ ಗಿರಾಕಿಗೆ ಎಷ್ಟು ಕೆಲಸ ಉಳಿಸುತ್ತದೆಂದು ನನಗೆ ಹೊಳೆದದ್ದು ಈ ಪ್ರಬಂಧ ಓದಿದ ಮೇಲೆ.

ಒಬ್ಬನೇ ಕೂತು ಲೆಕ್ಕ ಹಾಕುವುದು ಕಷ್ಟವಾದರೆ ನಾಲ್ಕು ಜನರನ್ನು ಕೇಳುತ್ತೇವೆ. ಅಲ್ಲಿ ಲೆಕ್ಕ ಇನ್ನೂ ಕಠಿಣವಾಗುತ್ತದೆ. ಕರ್ನಾಟಕದ 19 ಹಳ್ಳಿಗಳಲ್ಲಿ ಅರುಣ್ ಚಂದ್ರಶೇಖರ್, ಒರಾಸಿಯೊ ಲಾರೆಗಿ, ಹುವಾನ್ ಪಾಬ್ಲೊ ಶಾಂಡ್ರಿ ಒಂದು ಆಟ ಆಡಿಸಿದರು. ಪ್ರಬಂಧ 2020ರಲ್ಲಿ ‘ಇಕಾನಮೆಟ್ರಿಕಾ’ದಲ್ಲಿ ಬಂತು. ಏಳೇಳು ಜನರ ಗುಂಪು. ಎರಡು ಬಗೆಯ ಚೀಲ. ಒಂದರಲ್ಲಿ ಒಂದು ಬಣ್ಣದ ಚೆಂಡು ಹೆಚ್ಚು, ಇನ್ನೊಂದರಲ್ಲಿ ಇನ್ನೊಂದು ಬಣ್ಣದ್ದು. ಒಂದು ಚೀಲದಿಂದ ಪ್ರತಿಯೊಬ್ಬರಿಗೂ ಗುಟ್ಟಾಗಿ ಒಂದು ಚೆಂಡು ತೋರಿಸುತ್ತಾರೆ. ಚೀಲ ಯಾವುದೆಂದು ಊಹಿಸಬೇಕು. ನಂತರ ಪ್ರತಿ ಸುತ್ತಿನಲ್ಲೂ ತನ್ನ ನಂಟಿಗೆ ಸಿಕ್ಕ ಕೆಲವರ ಊಹೆ ನೋಡಿ ತನ್ನದನ್ನು ಬದಲಿಸಬಹುದು.

ಸರಿಯಾಗಿ ಲೆಕ್ಕ ಹಾಕುವವನು ಇಲ್ಲಿ ಒಂದು ಸೂಕ್ಷ್ಮವನ್ನು ಹಿಡಿಯಬೇಕು. ಪಕ್ಕದ ಇಬ್ಬರೂ ಹಳದಿ ಚೆಂಡು ಹೆಚ್ಚಿರುವ ಚೀಲ ಎನ್ನುತ್ತಿದ್ದಾರೆ. ಆದರೆ ಇಬ್ಬರೂ ಮೂರನೆಯವನೊಬ್ಬನನ್ನು ನೋಡಿ ಹಾಗೆ ಹೇಳುತ್ತಿದ್ದರೆ ಅದು ಎರಡು ಸಾಕ್ಷಿಯಲ್ಲ, ಒಂದೇ. ಯಾರು ಯಾರಿಂದ ಕೇಳಿದರು ಎಂಬುದನ್ನು ಹಿಂದಕ್ಕೆ ಹಿಂದಕ್ಕೆ ಬಿಡಿಸುತ್ತಾ ಹೋಗಬೇಕು. ಸುಲಭದ ದಾರಿ ಸುತ್ತಲಿನವರ ತಲೆ ಎಣಿಸಿ ಹೆಚ್ಚಿದ್ದ ಕಡೆ ವಾಲುವುದು. ಹಳ್ಳಿಗಳಲ್ಲಿ ಬಿಡಿಸಿ ಲೆಕ್ಕ ಹಾಕಿದವರು ನೂರಕ್ಕೆ 10 ಎಂದು ಸಂಶೋಧಕರ ಅಂದಾಜು. ಮೆಕ್ಸಿಕೊ ನಗರದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳಲ್ಲಿ 50. ಹಳ್ಳಿಯವರನ್ನು ಹಂಗಿಸಲು ಈ ಅಂಕಿಯನ್ನು ಬಳಸಬಾರದು. ಓದಿಕೊಂಡ ಅರ್ಧದಷ್ಟು ಹುಡುಗರೂ ತಲೆ ಎಣಿಸಿದರು ಎಂಬುದು ಅಷ್ಟೇ ದೊಡ್ಡ ಸುದ್ದಿ. ತಲೆ ಎಣಿಸುವ ಪದ್ಧತಿಯ ತೊಂದರೆ ಎಂದರೆ, ಒಳಗೊಳಗೇ ನಂಟಿರುವ ನಾಲ್ಕು ಜನರ ಗುಂಪು ಒಮ್ಮೆ ತಪ್ಪಿಗೆ ಬಿದ್ದರೆ ಒಬ್ಬರನ್ನೊಬ್ಬರು ನೋಡಿಕೊಂಡು ಅಲ್ಲೇ ಕೂತುಬಿಡುತ್ತಾರೆ. ಹೊರಗಿನ ಸುದ್ದಿ ಒಳಗೆ ಹೋಗುವುದಿಲ್ಲ. ಒಂದೇ ಸುಳ್ಳು ಐದು ವಾಟ್ಸಾಪ್ ಗುಂಪುಗಳಲ್ಲಿ ಬಂದಾಗ ‘ಎಲ್ಲರೂ ಹೇಳ್ತಿದ್ದಾರಲ್ಲ’ ಎನ್ನುವ ನನ್ನ ಎಂಜಿನಿಯರ್ ಬಂಧುಗಳಿಗೆ ಇದನ್ನು ವಿವರಿಸಲು ನೋಡಿ ಸೋತಿದ್ದೇನೆ.

ಬಡತನ ಈ ಪರಿಮಿತಿಯನ್ನು ಇನ್ನೂ ಬಿಗಿ ಮಾಡುತ್ತದೆಯೇ? 2013ರಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಷಫೀರ್, ಜಿಯಾಯಿಂಗ್ ಝಾವ್ ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಮ್ಮೆ, ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿ ಪರೀಕ್ಷೆಯ ಪ್ರಶ್ನೆಗಳನ್ನು ಕೊಟ್ಟರು. ಕೈ ಖಾಲಿಯಿದ್ದಾಗ ಅದೇ ರೈತ ಕಡಿಮೆ ಅಂಕ ಪಡೆದ. ಕಾರ್ಖಾನೆಯವರು ಸರದಿಯ ಮೇಲೆ ಕಬ್ಬು ಕಡಿಸುವುದರಿಂದ ಒಬ್ಬೊಬ್ಬನಿಗೆ ಒಂದೊಂದು ತಿಂಗಳು ಕಟಾವು, ಹಾಗಾಗಿ ಹವಾಮಾನದ ಮೇಲೆ ದೂರು ಹಾಕುವಂತಿಲ್ಲ. ಕಬ್ಬು ಕಡಿಯುವ ಆರ್ಡರಿಗೆ ಕಾದ ಮಂಡ್ಯದ ರೈತನಿಗೆ ಇದು ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಆದರೆ ಅಮೆರಿಕದ ಬಡ ಕುಟುಂಬಗಳಲ್ಲಿ ಸಂಬಳಕ್ಕೆ ಮುಂಚೆ, ಸಂಬಳದ ನಂತರ ನೋಡಿದ 2016ರ ಅಧ್ಯಯನದಲ್ಲಿ ಬುದ್ಧಿಶಕ್ತಿಯ ಈ ವ್ಯತ್ಯಾಸ ಕಾಣಲಿಲ್ಲ. ಎಂಟು ದಿನದ ಕೈಕಟ್ಟು, ಎಂಟು ತಿಂಗಳ ಸಾಲ ಎರಡೂ ಒಂದೇ ಅಲ್ಲ ಎಂದು ನನ್ನ ಅನಿಸಿಕೆ. ಲೆಕ್ಕ ಇನ್ನೂ ಮುಗಿದಿಲ್ಲ.

ಮುಗಿದಿಲ್ಲ ಎನ್ನುವ ಎಚ್ಚರ ಕಳೆದುಕೊಂಡದ್ದರಿಂದಲೇ ಈ ಶಾಸ್ತ್ರ ಈಚೆಗೆ ಪೆಟ್ಟು ತಿಂದಿತು. ಜನರ ಮನಸ್ಸಿನ ಓರೆಯನ್ನು ಬಳಸಿ ಮೆಲ್ಲಗೆ ಸರಿದಾರಿಗೆ ತಳ್ಳುವ ‘ನಡ್ಜ್’ ಸರ್ಕಾರಗಳಿಗೆ ಅಗ್ಗದ ಮಂತ್ರವಾಗಿ ಕಂಡಿತು. ಮೊದಲ ಗೆಲುವುಗಳು ನಿಜಕ್ಕೂ ದೊಡ್ಡವು. ಅಮೆರಿಕದ ಒಂದು ಕಂಪನಿಯಲ್ಲಿ ನೌಕರರನ್ನು ನಿವೃತ್ತಿ ಯೋಜನೆಗೆ ತಾನಾಗಿ ಸೇರಿಸಿ ಬೇಡದವರು ಹೊರಬರಬಹುದು ಎಂದಾಗ, ಹೊಸ ನೌಕರರಲ್ಲಿ ಸೇರಿದವರು ನೂರಕ್ಕೆ 49ರಿಂದ 86ಕ್ಕೇರಿದರು. ಅದನ್ನು ನೋಡಿ ಎಲ್ಲೆಲ್ಲೂ ನಡ್ಜ್. 2022ರಲ್ಲಿ ಸ್ಟೆಫಾನೊ ಡೆಲಾವಿನ್ಯಾ ಮತ್ತು ಎಲಿಜಬೆತ್ ಲೀನಸ್ ಲೆಕ್ಕ ತೆಗೆದಾಗ, ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದ ಪ್ರಯೋಗಗಳ ಸರಾಸರಿ ಪರಿಣಾಮ ನೂರಕ್ಕೆ 8.7 ಅಂಶ, ಅಮೆರಿಕದ ಎರಡು ದೊಡ್ಡ ನಡ್ಜ್ ಘಟಕಗಳು ಮಾಡಿದ, ಫಲ ಬಂದದ್ದು ಬಾರದ್ದು ಎಲ್ಲವೂ ಸೇರಿದ 126 ಪ್ರಯೋಗಗಳ ಸರಾಸರಿ 1.4. ಗೆದ್ದದ್ದನ್ನಷ್ಟೇ ಅಚ್ಚು ಹಾಕಿದರೆ ಹೀಗಾಗುತ್ತದೆ. ಪ್ರಮಾಣಪತ್ರದ ಸಹಿಯನ್ನು ಕೊನೆಯ ಬದಲು ಮೊದಲಲ್ಲೇ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂದ 2012ರ ಪ್ರಸಿದ್ಧ ಪ್ರಬಂಧವೊಂದನ್ನು, ಅದರ ಅಂಕಿಅಂಶವೇ ಕಟ್ಟುಕಥೆಯೆಂದು ತಿಳಿದು, 2021ರಲ್ಲಿ ಹಿಂಪಡೆಯಲಾಯಿತು. ಪ್ರಾಮಾಣಿಕತೆಯ ಮೇಲಿನ ಪ್ರಬಂಧ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಮೈಸೂರಿನ ಒಂದು ಕೋಣೆಗೆ. ಸುಪ್ರೀತ್ ಕೌರ್, ಮೈಕೆಲ್ ಕ್ರೆಮರ್, ಮುಲ್ಲೈನಾಥನ್ ಅಲ್ಲಿ ಒಂದು ಡೇಟಾ ಎಂಟ್ರಿ ಕೇಂದ್ರದಲ್ಲಿ ಹದಿಮೂರು ತಿಂಗಳು ಪ್ರಯೋಗ ನಡೆಸಿದರು. ಪ್ರಬಂಧ 2015ರಲ್ಲಿ ಬಂತು. ಕಾಗದದಲ್ಲಿರುವುದನ್ನು ಕಂಪ್ಯೂಟರಿಗೆ ತುಂಬುವ ಕೆಲಸ. ತುಂಬಿದಷ್ಟಕ್ಕೆ ಕೂಲಿ. ಕೆಲವು ದಿನ ಅವರಿಗೆ ಒಂದು ಹೆಚ್ಚಿನ ಆಯ್ಕೆ ಕೊಡಲಾಯಿತು: ಇಂದಿಗೆ ಒಂದು ಗುರಿಯನ್ನು ನೀವೇ ಇಟ್ಟುಕೊಳ್ಳಬಹುದು. ಗುರಿ ಮುಟ್ಟಿದರೆ ಎಂದಿನ ದರ, ಒಂದು ಪೈಸೆಯೂ ಹೆಚ್ಚಿಲ್ಲ. ಮುಟ್ಟದಿದ್ದರೆ ದರ ಅರ್ಧ. ಗುರಿ ಸೊನ್ನೆ ಎಂದು ಬರೆದರೆ ಯಾವ ಕಾಟವೂ ಇಲ್ಲ.

ಪಿಯುಸಿ ಪುಸ್ತಕದ ಯಾವ ಮನುಷ್ಯನೂ ಈ ಕರಾರನ್ನು ಮುಟ್ಟುವುದಿಲ್ಲ. ಇದರಲ್ಲಿ ಕಳೆದುಕೊಳ್ಳುವುದಿದೆ, ಗಳಿಸುವುದಿಲ್ಲ. ಕಾನೆಮನ್ ಪಟ್ಟಿಯ ಮನುಷ್ಯನೂ ಮುಟ್ಟಬಾರದು. ಅವನಿಗೆ ನಷ್ಟದ ನೋವು ಇನ್ನೂ ಹೆಚ್ಚು. ಮೈಸೂರಿನ ನೌಕರರು ಮೂರರಲ್ಲೊಂದಕ್ಕೂ ಹೆಚ್ಚು ಸಲ ಸೊನ್ನೆಯನ್ನು ಬಿಟ್ಟು ನಿಜವಾದ ಗುರಿಯನ್ನೇ ಬರೆದರು. ಅವರ ಕೆಲಸವೂ ಹೆಚ್ಚಿತು, ಸಂಪಾದನೆಯೂ ಹೆಚ್ಚಿತು. ನಾಳೆ ಚೆನ್ನಾಗಿ ಕೆಲಸ ಮಾಡಬೇಕೆಂದು ಇಂದು ಅಂದುಕೊಳ್ಳುವ ತಾನು, ನಾಳೆ ಮಧ್ಯಾಹ್ನ ಊಟವಾದ ಮೇಲೆ ಅದೇ ತಾನಾಗಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತಿಂಗಳ ಚೀಟಿ ಹಾಕುವ ನಮ್ಮ ಹೆಂಗಸರಿಗೂ ಇದು ಗೊತ್ತಿದೆ. ಕೈಯಲ್ಲಿದ್ದರೆ ಉಳಿಯುವುದಿಲ್ಲವೆಂದೇ ಅವರು ದುಡ್ಡನ್ನು ಹತ್ತು ಜನರ ಕಣ್ಣೆದುರು ಕಟ್ಟಿಹಾಕುವುದು.

ಪ್ರಯೋಗದ ಇನ್ನೊಂದು ತುದಿ ಸಂಬಳದ ದಿನ. ಒಂದು ಗುಂಪಿಗೆ ಮಂಗಳವಾರ, ಇನ್ನೊಂದಕ್ಕೆ ಗುರುವಾರ, ಮತ್ತೊಂದಕ್ಕೆ ಶನಿವಾರ ವಾರದ ಬಟವಾಡೆ. ಯಾರಿಗೆ ಯಾವ ದಿನ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ಪ್ರತಿ ದಿನದ ಕೆಲಸಕ್ಕೂ ದರ ಒಂದೇ ಆದರೂ ಬಟವಾಡೆಯ ದಿನ ಕೆಲಸ ನೂರಕ್ಕೆ 8ರಷ್ಟು ಹೆಚ್ಚುತ್ತಿತ್ತು. ದುಡ್ಡು ಹತ್ತಿರ ಬಂದಷ್ಟೂ ಬೆರಳುಗಳಿಗೆ ಚುರುಕು.

ಈ ಎರಡನ್ನೂ ಜೋಡಿಸಿ ನೋಡಿದಾಗ ಸಿಕ್ಕದ್ದು ಇದು. ವಾರದ ನಡುವೆ ಸೋಮಾರಿಯಾಗಿ ಬಟವಾಡೆಯ ದಿನ ಓಡುತ್ತಿದ್ದವರೇ ತಮಗೆ ತಾವು ಗುರಿಯ ಮೂಗುದಾರ ಹಾಕಿಕೊಳ್ಳುತ್ತಿದ್ದವರು. ಮೊದಮೊದಲು ಈ ನಂಟು ಅಷ್ಟು ಗಟ್ಟಿಯಾಗಿರಲಿಲ್ಲ. ಕೆಲಸಕ್ಕೆ ಸೇರಿ ಎರಡು ತಿಂಗಳಾಗುವ ಹೊತ್ತಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೂಗುದಾರ ಬೇಡದವರು ಸೊನ್ನೆ ಬರೆಯತೊಡಗಿದ್ದರು. ಬೇಕಾದವರು ಬೆಳಿಗ್ಗೆ ಬಂದು ಕುರ್ಚಿ ಎಳೆದುಕೊಂಡು, ಮುಟ್ಟಲಾಗದಿದ್ದರೆ ಅರ್ಧ ಕೂಲಿ ಎಂದು ಗೊತ್ತಿದ್ದೂ, ಅಂದಿನ ಅಂಕಿಯನ್ನು ಬರೆದು ಕೆಲಸ ಶುರುಮಾಡುತ್ತಿದ್ದರು.